ಎಂಟು ಪೈಸೆಯ ಆಚೆಗಿನ ಲೆಕ್ಕ

ಪ್ರತಿ ವರ್ಷ ಫೆಬ್ರುವರಿ ಎರಡರ ಪತ್ರಿಕೆಗಳಲ್ಲಿ ಒಂದು ರೂಪಾಯಿ ನಾಣ್ಯದ ಚಿತ್ರ ತಪ್ಪದೆ ಬರುತ್ತದೆ. ಅದನ್ನು ಹೋಳು ಹೋಳಾಗಿ ಸೀಳಿ, ಸರ್ಕಾರಕ್ಕೆ ರೂಪಾಯಿ ಬಂದದ್ದು ಹೀಗೆ, ಹೋದದ್ದು ಹೀಗೆ ಎಂದು ಒಂದೊಂದು ಹೋಳಿಗೂ ಒಂದೊಂದು ಬಣ್ಣ ಬಳಿದಿರುತ್ತಾರೆ. 2025-26ರ ಮುಂಗಡಪತ್ರದ ನಾಣ್ಯದಲ್ಲಿ ರಕ್ಷಣೆಗೆ ಸಿಕ್ಕಿದ್ದು ಎಂಟು ಪೈಸೆ. ಬಡ್ಡಿ ಕಟ್ಟುವುದಕ್ಕೆ 20 ಪೈಸೆ, ರಾಜ್ಯಗಳ ತೆರಿಗೆ ಪಾಲಿಗೆ 22 ಪೈಸೆ. ಅವುಗಳ ಪಕ್ಕದಲ್ಲಿ ಈ ಎಂಟು ಪೈಸೆ ತೀರಾ ಬಡಪಾಯಿ. ಆದರೆ ಅದೇ ದಿನದ ಇನ್ನೊಂದು ಸುದ್ದಿಯಲ್ಲಿ ರಕ್ಷಣಾ ಸಚಿವಾಲಯಕ್ಕೆ 6.81 ಲಕ್ಷ ಕೋಟಿ ರೂಪಾಯಿ, ಅಂದರೆ ಬಜೆಟ್‌ನ ಶೇ 13.45ರಷ್ಟು ಸಿಕ್ಕಿದೆ ಎಂದಿತ್ತು.

ಎಂಟೋ, ಹದಿಮೂರೋ? ಎರಡೂ ಸರಿಯೇ. ನಾಣ್ಯದ ಲೆಕ್ಕದಲ್ಲಿ ರಾಜ್ಯಗಳಿಗೆ ಹೋಗುವ ತೆರಿಗೆ ಪಾಲನ್ನೂ ಸೇರಿಸಿ ರೂಪಾಯಿಯನ್ನು ದೊಡ್ಡದು ಮಾಡಿರುತ್ತಾರೆ. ಅದರ ಜೊತೆಗೆ ನಿವೃತ್ತ ಸೈನಿಕರ ಪಿಂಚಣಿಯನ್ನು ರಕ್ಷಣೆಯ ಹೋಳಿನಿಂದ ತೆಗೆದು, ಕೇಂದ್ರದ ಎಲ್ಲ ನೌಕರರ ಪಿಂಚಣಿಯೊಡನೆ ನಾಲ್ಕು ಪೈಸೆಯ ಬೇರೊಂದು ಹೋಳಿನಲ್ಲಿ ಇಟ್ಟಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕ ಬರೆಯುವ ಪದ್ಧತಿಯೇ ಹಾಗೆ. ಗಡಿ ಕಾಯುವ ಬಿಎಸ್‌ಎಫ್, ಹಿಮಾಲಯದಲ್ಲಿ ನಿಂತಿರುವ ಐಟಿಬಿಪಿ ಕೂಡ ಈ ಎಂಟು ಪೈಸೆಯಲ್ಲಿಲ್ಲ. ಅವುಗಳ ಖರ್ಚು ಗೃಹ ಸಚಿವಾಲಯದ ಖಾತೆಗೆ ಸೇರಿದ್ದು. ಒಂದು ದೇಶ ತನ್ನ ಸೇನೆಗೆ ನಿಜಕ್ಕೂ ಎಷ್ಟು ಖರ್ಚು ಮಾಡುತ್ತದೆ ಎಂದು ಸಾಮಾನ್ಯ ಓದುಗ ತಿಳಿಯಹೊರಟರೆ ನಾಲ್ಕಾರು ಕಡತ ಮಗುಚಬೇಕು.

ಮಗುಚಿದರೆ ಸಿಗುವ ಮೊದಲ ಚಿತ್ರ ಇದು. ಆ ವರ್ಷದ 6,81,210 ಕೋಟಿ ರೂಪಾಯಿಯನ್ನು ಸುಮಾರು 145 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಹತ್ತಿರ ಹತ್ತಿರ 4,700 ರೂಪಾಯಿ. ಐದು ಜನರ ಮನೆಗೆ 23,500. ದಿನದ ಲೆಕ್ಕಕ್ಕೆ ಇಳಿಸಿದರೆ ಒಬ್ಬರಿಗೆ 13 ರೂಪಾಯಿ, ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಲೋಟ ಕಾಫಿಗೂ ಸಾಲದ ಮೊತ್ತ. ನೆಮ್ಮದಿಯಿಂದ ನಿದ್ದೆ ಮಾಡುವುದಕ್ಕೆ ಇಷ್ಟು ಕೊಡಲಾರೆವೇ ಎಂದು ಕೇಳುವವರಿಗೆ ಇದು ಒಳ್ಳೆಯ ವಾದ. ಆದರೆ ಸರಾಸರಿ ಎಂಬುದು ಯಾರ ಜೇಬಿಗೂ ಕೈ ಹಾಕುವುದಿಲ್ಲ. ಹಣ ಬರುವುದು ನಿಜವಾದ ಜೇಬುಗಳಿಂದ, ಮತ್ತು ಎಲ್ಲ ಜೇಬುಗಳಿಂದ ಒಂದೇ ಸಮನಾಗಿ ಅಲ್ಲ.

ಎಲ್ಲರೂ ರಕ್ಷಣೆಗೆಂದೇ ಕಟ್ಟುವ ಪ್ರತ್ಯೇಕ ತೆರಿಗೆ ನಮ್ಮಲ್ಲಿಲ್ಲ. ಆದಾಯ ತೆರಿಗೆ ಕಟ್ಟುವವರು ಆರೋಗ್ಯ, ಶಿಕ್ಷಣದ ಹೆಸರಿನಲ್ಲಿ ಶೇ 4ರ ಸೆಸ್ ಕಟ್ಟುತ್ತಾರೆ. ಪೆಟ್ರೋಲ್ ಹಾಕಿಸುವವರು ರಸ್ತೆಯ ಹೆಸರಿನಲ್ಲಿ ಕಟ್ಟುತ್ತಾರೆ. ಸೇನೆಯ ಹೆಸರಿನ ಸೆಸ್ ನಮ್ಮ ದಿನನಿತ್ಯದ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ಭಾರತದ ಸಂಚಿತ ನಿಧಿಯಿಂದ ಸಲ್ಲುವ ಹಣ. 2025-26ರ ಲೆಕ್ಕದಲ್ಲಿ ಆ ನಿಧಿಗೆ ಬಂದ ರೂಪಾಯಿಯಲ್ಲಿ 22 ಪೈಸೆ ಆದಾಯ ತೆರಿಗೆ, 17 ಪೈಸೆ ಕಂಪನಿ ತೆರಿಗೆ, 18 ಪೈಸೆ ಜಿಎಸ್‌ಟಿ ಮತ್ತಿತರ ತೆರಿಗೆ. ಜಿಎಸ್‌ಟಿ ಕಟ್ಟಲು ಪಾನ್ ಕಾರ್ಡ್ ಬೇಕಿಲ್ಲ. ಚಪ್ಪಲಿ ಕೊಂಡರೆ ಸಾಕು, ಮೊಬೈಲಿಗೆ ಕರೆನ್ಸಿ ಹಾಕಿಸಿದರೆ ಸಾಕು. ರಾಯಚೂರಿನ ಹತ್ತಿ ಹೊಲದಲ್ಲಿ ಕೂಲಿ ಮಾಡುವ ಹೆಂಗಸೂ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಮ್ಯಾನೇಜರೂ ಒಂದೇ ಬ್ರ್ಯಾಂಡಿನ ಸೋಪಿಗೆ ಒಂದೇ ತೆರಿಗೆ ಕಟ್ಟುತ್ತಾರೆ. ಆಕೆಯ ಆದಾಯದಲ್ಲಿ ಆ ತೆರಿಗೆಯ ತೂಕ ಎಷ್ಟು, ಈತನ ಆದಾಯದಲ್ಲಿ ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅದೇ ರೂಪಾಯಿಯ 24 ಪೈಸೆ ಸಾಲದಿಂದ ಬಂದದ್ದು. ಅಂದರೆ ಇವತ್ತು ಕೊಂಡ ಯುದ್ಧವಿಮಾನದ ಒಂದಿಷ್ಟು ಭಾಗವನ್ನು ನಾವು ಸಾಲ ಮಾಡಿ ಕೊಂಡಿದ್ದೇವೆ. ಅದರ ಬಡ್ಡಿ ಮುಂದಿನ ವರ್ಷ ‘ರಕ್ಷಣೆ’ ಎಂಬ ಹೋಳಿನಲ್ಲಿ ಕಾಣುವುದಿಲ್ಲ, 20 ಪೈಸೆಯ ಬಡ್ಡಿಯ ಹೋಳಿನೊಳಗೆ ಹೆಸರಿಲ್ಲದೆ ಕೂತಿರುತ್ತದೆ. ಶಾಲೆ ಕಟ್ಟಲು ಮಾಡಿದ ಸಾಲ, ರೈಲು ಹಳಿ ಹಾಕಲು ಮಾಡಿದ ಸಾಲ, ಕ್ಷಿಪಣಿ ಕೊಳ್ಳಲು ಮಾಡಿದ ಸಾಲ, ಎಲ್ಲವೂ ಅಲ್ಲಿಗೆ ಬಂದ ಮೇಲೆ ಒಂದೇ.

ಹೀಗೆ ಬೆಲೆ ತೆತ್ತವರಿಗೆ ಬೆಲೆಯೇ ಕಾಣದಂತೆ ಆಗಿದ್ದು ಇತ್ತೀಚಿನ ಸಂಗತಿ. ಹಿಂದಿನವರಿಗೆ ಅದು ಕಣ್ಣಿಗೆ ರಾಚುವಂತೆ ಕಾಣುತ್ತಿತ್ತು.

1962ರ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಶುರುವಾದಾಗ ದೇಶದ ಬೊಕ್ಕಸವೂ ಬರಿದು, ವಿದೇಶಿ ವಿನಿಮಯವೂ ಬರಿದು. ರಾಷ್ಟ್ರೀಯ ರಕ್ಷಣಾ ನಿಧಿ ಹುಟ್ಟಿದ್ದು ಆಗಲೇ. ಹೆಂಗಸರು ಬಳೆ, ಸರ ಬಿಚ್ಚಿ ಕೊಟ್ಟ ಕಥೆಗಳನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಕೊಡಲು ಮನಸ್ಸಿಲ್ಲದವರಿಗೆ ಸರ್ಕಾರ ಶೇ 6.5 ಬಡ್ಡಿಯ ಚಿನ್ನದ ಬಾಂಡ್ ತಂದಿತು. ಇದು ಸ್ವಇಚ್ಛೆಯ ಮಾತಾಯಿತು. ಯುದ್ಧ ನಿಂತ ಮೇಲೆ ಬಂದದ್ದು ಬೇರೆಯೇ ಕಥೆ. 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದರು, ಅದೂ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ. ಇನ್ನು ಮುಂದೆ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಒಡವೆ ಮಾಡುವಂತಿಲ್ಲ. ಗಟ್ಟಿ ಚಿನ್ನ ಇಟ್ಟುಕೊಂಡವರು ಘೋಷಿಸಬೇಕು. ಚಿನ್ನದ ಆಸೆ ಕಡಿಮೆಯಾದರೆ ಕಳ್ಳಸಾಗಣೆ ಇಳಿಯುತ್ತದೆ, ಕಳ್ಳಸಾಗಣೆ ಇಳಿದರೆ ವಿದೇಶಿ ವಿನಿಮಯ ಉಳಿಯುತ್ತದೆ, ಉಳಿದದ್ದು ಶಸ್ತ್ರಾಸ್ತ್ರಕ್ಕೆ ಒದಗುತ್ತದೆ ಎಂಬುದು ಸರಪಳಿ ತರ್ಕ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ 22 ಕ್ಯಾರೆಟ್ ಕರಗಿಸಿ, ಊದುಕೊಳವೆ ಹಿಡಿದು, ಮಾಂಗಲ್ಯದ ತಾಳಿ, ಗುಂಡು, ಬುಗುಡಿ, ಅಡ್ಡಿಕೆ ಮಾಡಿ ಬದುಕುತ್ತಿದ್ದ ಅಕ್ಕಸಾಲಿಗನಿಗೆ 14 ಕ್ಯಾರೆಟ್ಟಿನ ಗಡಸು ಚಿನ್ನದಿಂದ ಏನು ಮಾಡುವುದೆಂದೇ ತೋಚಲಿಲ್ಲ. ಆ ಬಣ್ಣದ ತಾಳಿಯನ್ನು ಯಾವ ತಾಯಿ ಮಗಳ ಮದುವೆಗೆ ಒಪ್ಪಿಯಾಳು? ಊರೂರಿನ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ದೇಶದ ನಾನಾ ಕಡೆಗಳಿಂದ ಅಕ್ಕಸಾಲಿಗರ ಆತ್ಮಹತ್ಯೆಯ ಸುದ್ದಿಗಳು ಬಂದವು, ಸಂಸತ್ತಿನಲ್ಲಿ ಗದ್ದಲವಾಯಿತು. ಮಕ್ಕಳ ಶಾಲಾ ಶುಲ್ಕದಲ್ಲಿ ರಿಯಾಯಿತಿ, ಸಾಲ, ಬೇರೆ ಉದ್ಯೋಗ ಎಂದು ಸರ್ಕಾರ ಪರಿಹಾರ ಹುಡುಕಿತು. ಅದೇ ವರ್ಷ ನಿಯಮ ಸ್ವಲ್ಪ ಸಡಿಲಾಯಿತು, 14 ಕ್ಯಾರೆಟ್ಟಿನ ಕಟ್ಟು ತೆಗೆದದ್ದು 1966ರಲ್ಲಿ. ಚಿನ್ನ ನಿಯಂತ್ರಣ ಎಂಬುದು ಮಾತ್ರ 1968ರಲ್ಲಿ ಕಾಯಿದೆಯೇ ಆಗಿ 1990ರವರೆಗೂ ಉಳಿಯಿತು. ಯುದ್ಧ ನಡೆದದ್ದು ಒಂದು ತಿಂಗಳು, ಅದರ ಹೆಸರಿನಲ್ಲಿ ಬಂದ ನಿರ್ಬಂಧದ ಆಯಸ್ಸು ಇಪ್ಪತ್ತೇಳು ವರ್ಷ!

ಅದೇ 1963ರ ಬಜೆಟ್‌ನಲ್ಲಿ ರಕ್ಷಣಾ ವೆಚ್ಚ ಎಂಟುನೂರು ಕೋಟಿ ದಾಟಿತು. ಸೀಮೆಎಣ್ಣೆಯ ಮೇಲಿನ ಸುಂಕವೂ ಏರಿತು. ಕಡ್ಡಾಯ ಠೇವಣಿ ಎಂಬ ಯೋಜನೆ ಬಂದು, ಭೂಕಂದಾಯ ಕಟ್ಟುವ ರೈತನೂ ಸರ್ಕಾರದಲ್ಲಿ ಹಣ ಇಡಬೇಕೆಂದಾಯಿತು. ಜನರ ಸಿಟ್ಟು ಎಷ್ಟಿತ್ತೆಂದರೆ, ಹಿರಿಯ ಸಚಿವರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಹೋಗಬೇಕೆಂಬ ಕಾಮರಾಜ್ ಯೋಜನೆಯಡಿ ದೇಸಾಯಿಯವರು ಸಂಪುಟದಿಂದ ಹೊರನಡೆದು ಟಿ.ಟಿ. ಕೃಷ್ಣಮಾಚಾರಿ ಬಂದೊಡನೆ ಆ ಠೇವಣಿಯ ಬಹುಭಾಗವನ್ನು ಕೈಬಿಡಬೇಕಾಯಿತು.

1971ರಲ್ಲಿ ಇನ್ನೊಂದು ಬಗೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಆ ನವೆಂಬರ್‌ನಿಂದ ಲಕೋಟೆಗೆ ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿ ಅಂಟಿಸಬೇಕಿತ್ತು. ಮೊದಮೊದಲು ಕುಟುಂಬ ಯೋಜನೆಯ ಅಂಚೆಚೀಟಿಯ ಮೇಲೆಯೇ ‘ನಿರಾಶ್ರಿತರ ಪರಿಹಾರ’ ಎಂದು ಅಚ್ಚೊತ್ತಿ ಕೊಟ್ಟರು. ಅದು 1973ರ ಮಾರ್ಚ್‌ವರೆಗೆ ನಡೆಯಿತು. ಐದು ಪೈಸೆ ದೊಡ್ಡದೋ ಚಿಕ್ಕದೋ ಎಂಬ ಮಾತು ಬೇರೆ. ಕಾಗದ ಬರೆದ ಪ್ರತಿಯೊಬ್ಬನಿಗೂ ತಾನೇಕೆ ಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು, ಬೇಕಿದ್ದರೆ ಗೊಣಗಬಹುದಿತ್ತು. ಸೋಪಿನ ಜಿಎಸ್‌ಟಿಯನ್ನು ನೋಡಿ ಗೊಣಗುವವನಿಗೆ ಅದರಲ್ಲಿ ಎಷ್ಟು ಸೇನೆಗೆ, ಎಷ್ಟು ಬಡ್ಡಿಗೆ ಎಂದು ತಿಳಿಯುವ ದಾರಿಯಿಲ್ಲ.

ಹಣದ ಮಾತು ಇಷ್ಟಾಯಿತು. ಹಣವಲ್ಲದ ಬೆಲೆ ತೆತ್ತವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ, ಬಿಣಗಾ ದಾಟಿದ ಮೇಲೆ ಬಲಗಡೆಗೆ ಸಿಗುವುದು ಕದಂಬ ನೌಕಾನೆಲೆಯ ಪ್ರದೇಶ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಲ್ಲಿ ಅಡಿಗಲ್ಲು ಹಾಕಿದರು. ಮುಂಬೈ ಬಂದರಿನಲ್ಲಿ ವ್ಯಾಪಾರಿ ಹಡಗುಗಳ ನಡುವೆ ಇಕ್ಕಟ್ಟಿನಲ್ಲಿದ್ದ ನೌಕಾಪಡೆಗೆ ಗುಡ್ಡಗಳ ಮರೆ ಇರುವ, ಆಳವಾದ ಕಡಲಿನ ಜಾಗ ಬೇಕಿತ್ತು. ಅರ್ಗಾದ ಕೊಲ್ಲಿ ಅದಕ್ಕೆ ಹೇಳಿಮಾಡಿಸಿದಂತಿತ್ತು. ಸೈನಿಕ ದೃಷ್ಟಿಯಿಂದ ಆ ಆಯ್ಕೆಯನ್ನು ತಪ್ಪೆನ್ನಲು ನನಗೆ ಕಾರಣ ಕಾಣುವುದಿಲ್ಲ. ಯೋಜನೆಗೆ ಸೀಬರ್ಡ್ ಎಂದು ಹೆಸರಿಟ್ಟರು. ಹನ್ನೊಂದು ಸಾವಿರ ಎಕರೆಗೂ ಮಿಕ್ಕಿದ ಪ್ರದೇಶ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ಅಡಿಗಲ್ಲು ಬಿದ್ದ ಮೇಲೆ ದೇಶದ ಹಣಕಾಸು ಹದಗೆಟ್ಟು ಕೆಲಸ ಕುಂಟಿತು. ನೆಲೆ ಉದ್ಘಾಟನೆ ಕಂಡದ್ದು 2005ರ ಮೇ ತಿಂಗಳಲ್ಲಿ. ಈ ಹತ್ತೊಂಬತ್ತು ವರ್ಷಗಳಲ್ಲಿ ಅರ್ಗಾ, ಚೆಂಡಿಯಾ, ಹಾರವಾಡದಂಥ ಊರುಗಳ ಜನ ಮನೆಗೆ ಸುಣ್ಣ ಬಳಿಯಬೇಕೋ ಬೇಡವೋ, ತೆಂಗಿನ ಸಸಿ ನೆಡಬೇಕೋ ಬೇಡವೋ ಎಂದು ತಿಳಿಯದೆ ಕಾದರು.

ಹಾಲಕ್ಕಿ ಒಕ್ಕಲಿಗರಿಗೆ ಭತ್ತದ ಗದ್ದೆ, ಅದು ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ತರಕಾರಿ. ಖಾರ್ವಿ, ಹರಿಕಂತ್ರರಿಗೆ ಕಡಲು. ಗದ್ದೆಗೆ ಗುಂಟೆ ಲೆಕ್ಕದಲ್ಲಿ ದುಡ್ಡು ಕೊಡಬಹುದು. ಏಂಡಿ ಬಲೆ ಎಳೆಯುವವರಿಗೆ, ರಂಪಣಿ ಎಳೆಯುವವರಿಗೆ ಬೇಕಾದದ್ದು ದಂಡೆ. ದಂಡೆ ಯಾರ ಹೆಸರಿನ ಪಹಣಿಯಲ್ಲೂ ಇರುವುದಿಲ್ಲವಾದ್ದರಿಂದ ಅದರ ನಷ್ಟಕ್ಕೆ ಗುಂಟೆಯ ದರ ಹಚ್ಚಲು ಬರುವುದಿಲ್ಲ. ತೊಡೂರು, ಅಮದಳ್ಳಿ, ಮುದಗಾ ಮೊದಲಾದ ಕಡೆ ಪುನರ್ವಸತಿ ಕಾಲೊನಿಗಳಾದವು. ಅಲ್ಲಿ ನಿವೇಶನ ಸಿಕ್ಕಿತು. ಸಿಕ್ಕ ನಿವೇಶನದಲ್ಲಿ ಭತ್ತ ಬೆಳೆಯಲಾಗುವುದಿಲ್ಲ.

ಕಾರವಾರದಲ್ಲಿ ‘ಇಪ್ಪತ್ತೆಂಟು ಎ’ ಎಂದರೆ ಸೀಬರ್ಡ್ ನಿರಾಶ್ರಿತರಿಗೆ ತಕ್ಷಣ ಅರ್ಥವಾಗುತ್ತದೆ. ಅದು 1894ರ ಭೂಸ್ವಾಧೀನ ಕಾಯಿದೆಯ ಒಂದು ಕಲಮು. ಸರ್ಕಾರ ಕೊಟ್ಟ ಪರಿಹಾರ ಸಾಲದೆಂದು ನೆರೆಹೊರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ದರ ಪಡೆದರೆ, ಕೋರ್ಟಿಗೆ ಹೋಗದ ನೀನೂ ಅದೇ ದರ ಕೇಳಬಹುದು, ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬುದು ಅದರ ಸಾರ. ವಕೀಲರ ಪರಿಚಯವಿದ್ದವರು ಹಾಕಿದರು. ಇಲ್ಲದವರು ತಡಮಾಡಿದರು. ಪ್ರಕರಣಗಳು ಕೆಳ ನ್ಯಾಯಾಲಯದಿಂದ ಸುಪ್ರೀಂ ಕೋರ್ಟ್‌ವರೆಗೆ ಹತ್ತಿ ಇಳಿದು, ಜಮೀನು ಕೊಟ್ಟವರ ಮಕ್ಕಳು ಕಡತ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುವ ಕಾಲ ಬಂತು. ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ಬಂದು ನಿಲ್ಲುವ ನೆಲೆಯ ಖರ್ಚನ್ನು ದೇಶದ ಲೆಕ್ಕಪತ್ರದಲ್ಲಿ ರೂಪಾಯಿ ಪೈಸೆ ಸಮೇತ ನೋಡಬಹುದು. ಈ ಕಾದ ವರ್ಷಗಳಿಗೆ ಅದರಲ್ಲಿ ಕಲಮು ಇಲ್ಲ.

ಇದೇ ಬಗೆಯಲ್ಲಿ ನೆಲ ಹೋದ ಚಳ್ಳಕೆರೆಯ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ. ಅಲ್ಲಿನ ಕಾವಲುಗಳು ಅಮೃತ ಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯನ್ನು ಹೈದರ್, ಟಿಪ್ಪು ಸೇನೆಯ ಸಾಗಾಟಕ್ಕೆ ಬೆಳೆಸಿದರು. ಫಿರಂಗಿ ಎಳೆಯುತ್ತಿದ್ದ ಆ ಎತ್ತುಗಳ ವೇಗವೇ ಮೈಸೂರು ಸೇನೆಯ ವೇಗವಾಗಿತ್ತು. ಅಂದರೆ ಆ ಹುಲ್ಲುಗಾವಲು ಒಂದು ಕಾಲದ ರಕ್ಷಣಾ ವೆಚ್ಚವೇ! ಎತ್ತುಗಳ ಕಾಲ ಮುಗಿದ ಮೇಲೆ ಸುತ್ತಲಿನ ಕುರಿಗಾಹಿಗಳಿಗೆ, ಕಂಬಳಿ ನೇಯುವವರಿಗೆ ಅದು ಆಸರೆಯಾಗಿ ಉಳಿಯಿತು. ಎರಡು ದಶಕಗಳಿಂದೀಚೆಗೆ ಅದರಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಡಿಆರ್‌ಡಿಒದ ಪಾಲಿನಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಗೋಡೆ ಎದ್ದಿತು, ಕುರಿ ಸುತ್ತು ಹಾಕಿತು. ಹಸಿರು ನ್ಯಾಯಮಂಡಳಿಯವರೆಗೆ ಹೋದ ಹೋರಾಟದಿಂದ ಕೆಲವು ಷರತ್ತುಗಳು ಬಂದವು, ಕಾವಲು ಬರಲಿಲ್ಲ.

ಇಷ್ಟು ಹೇಳಿ ಬೆಂಗಳೂರಿನ ಮಾತು ಬಿಟ್ಟರೆ ಅನ್ಯಾಯವಾಗುತ್ತದೆ. ಬೆಂಗಳೂರನ್ನು ಬೆಂಗಳೂರು ಮಾಡಿದ್ದರಲ್ಲಿ ಸೇನೆಯ ದುಡ್ಡಿನ ಪಾಲು ದೊಡ್ಡದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಕೈಹಿಡಿದು ಶುರುಮಾಡಿದ ಎಚ್‌ಎಎಲ್, 1954ರ ಬಿಇಎಲ್, ಆಮೇಲೆ ಬಿಇಎಂಎಲ್, ಸಾಲು ಸಾಲು ಡಿಆರ್‌ಡಿಒ ಪ್ರಯೋಗಾಲಯಗಳು. ಐಟಿಐ ಮುಗಿಸಿ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆದ ಅಪ್ಪ, ಕಾಲೊನಿಯಲ್ಲಿ ಕ್ವಾರ್ಟರ್ಸು, ಕ್ಯಾಂಟೀನಿನ ಊಟ, ನಗರದ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದು ಎಂಜಿನಿಯರ್ ಆದ ಮಗ: ಹೀಗೆ ಮೇಲೆ ಬಂದ ಕನ್ನಡದ ಮನೆಗಳು ಸಾವಿರಾರು. 2023ರಿಂದ ಗುಬ್ಬಿ ತಾಲ್ಲೂಕಿನಲ್ಲೂ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಆದರೆ ಉದ್ಯೋಗವನ್ನೇ ವಾದವಾಗಿ ಮುಂದಿಟ್ಟರೆ ಅದು ಬಹುದೂರ ಓಡುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಲೆಕ್ಕ ಹಾಕಿ, ಒಂದೇ ಮೊತ್ತದ ಹಣ ಸೇನೆಗಿಂತ ಆರೋಗ್ಯದಲ್ಲಿ, ಅದಕ್ಕಿಂತಲೂ ಶಿಕ್ಷಣದಲ್ಲಿ ಹೆಚ್ಚು ಕೆಲಸ ಹುಟ್ಟಿಸುತ್ತದೆ ಎಂದು ತೋರಿಸಿದ್ದಾರೆ. ಎಂಜಿನ್ನನ್ನು ವಿದೇಶದಿಂದ ತರಿಸುವ ನಮ್ಮಲ್ಲಿ ಈ ಮಾತಿಗೆ ಇನ್ನಷ್ಟು ಬಲವಿರಬೇಕು. ಜಗತ್ತಿನ ಶಸ್ತ್ರಾಸ್ತ್ರ ವ್ಯವಹಾರದ ಲೆಕ್ಕವಿಡುವ ಸಿಪ್ರಿ ಸಂಸ್ಥೆಯ ಪ್ರಕಾರ 2020ರಿಂದ 2024ರ ಅವಧಿಯಲ್ಲಿ ಉಕ್ರೇನ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಶಸ್ತ್ರಾಸ್ತ್ರ ಆಮದು ಮಾಡಿಕೊಂಡ ದೇಶ ನಮ್ಮದು.

ಹಾಗಾದರೆ ನಾವು ಖರ್ಚು ಮಾಡುತ್ತಿರುವುದು ಅತಿಯಾಯಿತೇ? ಇದಕ್ಕೆ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. 2024ರಲ್ಲಿ ಚೀನಾ ಸೇನೆಗೆ ಖರ್ಚು ಮಾಡಿದ್ದು ಅಂದಾಜು 314 ಶತಕೋಟಿ ಡಾಲರ್, ನಾವು 86. ಅದೇ ವರ್ಷ ಪಾಕಿಸ್ತಾನ ಹತ್ತು ಚಿಲ್ಲರೆ. ದೇಶದ ಒಟ್ಟು ಉತ್ಪನ್ನದಲ್ಲಿ ನಮ್ಮ ರಕ್ಷಣಾ ವೆಚ್ಚ ಶೇ 2ರ ಆಸುಪಾಸು, ಸಂಸತ್ತಿನ ಸ್ಥಾಯಿ ಸಮಿತಿ ಶೇ 3 ಬೇಕೆಂದು ಹೇಳುತ್ತ ಬಂದಿದೆ. ಗಾಲ್ವಾನ್ ಆದ ಮೇಲೆ, 2025ರ ಮೇ ತಿಂಗಳ ಆಪರೇಷನ್ ಸಿಂಧೂರ ಆದ ಮೇಲೆ, ಕಡಿಮೆ ಮಾಡಿ ಎಂದು ಯಾರೂ ಹೇಳಲಾರರು. ಆ ಮೇ ತಿಂಗಳ ಬಿಸಿ ಗಡಿಯಾಚೆಗೂ ತಟ್ಟಿತು. ಮರುತಿಂಗಳೇ ಪಾಕಿಸ್ತಾನ ತನ್ನ ಒಟ್ಟು ಬಜೆಟ್ಟನ್ನು ಶೇ 7ರಷ್ಟು ಇಳಿಸಿ, ರಕ್ಷಣಾ ವೆಚ್ಚವನ್ನು ಶೇ 20ರಷ್ಟು ಏರಿಸಿತು. ಲಾಹೋರಿನ ರಿಕ್ಷಾದವನ ಲೆಕ್ಕ ನಮ್ಮ ಆಟೊದವನ ಲೆಕ್ಕಕ್ಕಿಂತ ಎಷ್ಟು ಬಿಗಿಯಾಗಿದೆ ಎಂದು ಊಹಿಸಬಹುದು.

ರಕ್ಷಣೆಯನ್ನು ಆರೋಗ್ಯದ ಜೊತೆ ತೂಗುವವರೂ ಸ್ವಲ್ಪ ತಡೆಯಬೇಕು. 2025-26ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯಕ್ಕೆ ಒಂದು ಲಕ್ಷ ಕೋಟಿಯ ಹತ್ತಿರ ಸಿಕ್ಕಿತು, ರಕ್ಷಣೆಗೆ ಅದರ ಏಳು ಪಟ್ಟು ಸಿಕ್ಕಿತು ಎಂಬ ಹೋಲಿಕೆ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ಸಂವಿಧಾನದ ಪ್ರಕಾರ ಸೇನೆ ಪೂರ್ತಿ ಕೇಂದ್ರದ ಹೊಣೆ, ಆಸ್ಪತ್ರೆ ಮುಖ್ಯವಾಗಿ ರಾಜ್ಯದ ಹೊಣೆ. ರಾಜ್ಯಗಳ ಆರೋಗ್ಯ ವೆಚ್ಚವನ್ನು ಸೇರಿಸದೆ ಹೋಲಿಸುವುದು ಸರಿಯಲ್ಲ. ಸೇರಿಸಿದ ಮೇಲೂ ಒಂದು ಸತ್ಯ ಹಾಗೆಯೇ ಉಳಿಯುತ್ತದೆ: 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39ರಷ್ಟನ್ನು ಜನ ಕೈಯಿಂದಲೇ ಕಟ್ಟಿದ್ದಾರೆ. ರಾಜ್ಯದ ಕೈಗೆ ಬರುವ ಹಣಕ್ಕೂ ಸೇನೆಗೂ ನಂಟಿದೆ. 2019ರಲ್ಲಿ ಹದಿನೈದನೇ ಹಣಕಾಸು ಆಯೋಗದ ಕೆಲಸದ ವ್ಯಾಪ್ತಿಯನ್ನು ತಿದ್ದಿ, ರಕ್ಷಣೆಗೆ ಪ್ರತ್ಯೇಕ ನಿಧಿಯ ವ್ಯವಸ್ಥೆ ಬೇಕೇ ಎಂದು ಪರಿಶೀಲಿಸಲು ಕೇಂದ್ರ ಹೇಳಿತು. ರಾಜ್ಯಗಳ ಪಾಲಿಗೆ ಕತ್ತರಿ ಬೀಳುತ್ತದೆಂದು ಹಲವರು ಆತಂಕಪಟ್ಟರು. ಆಯೋಗ ಐದು ವರ್ಷಕ್ಕೆ 2.38 ಲಕ್ಷ ಕೋಟಿಯ ನಿಧಿ ಶಿಫಾರಸು ಮಾಡಿತು, ಕೇಂದ್ರ ತಾತ್ವಿಕವಾಗಿ ಒಪ್ಪಿತು.

ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ, ಮೊತ್ತದ ಬಗ್ಗೆ ನಾವು ಕೇಳದೆ ಬಿಡುವ ಪ್ರಶ್ನೆಗಳ ಬಗ್ಗೆ. ಕರ್ನಾಟಕ ಸರ್ಕಾರ 2025-26ರಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ ರೂಪಾಯಿ. ‘ದುಡ್ಡು ಎಲ್ಲಿಂದ ಬರುತ್ತೆ, ರಾಜ್ಯ ದಿವಾಳಿ ಆಗಲ್ವಾ’ ಎಂದು ಬಸ್ ನಿಲ್ದಾಣದಿಂದ ಟಿ.ವಿ. ಸ್ಟುಡಿಯೊವರೆಗೆ ಎಲ್ಲರೂ ಕೇಳಿದ್ದೇವೆ, ಕೇಳಬೇಕಾದದ್ದೇ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ 26 ರಫೇಲ್ ವಿಮಾನ ಕೊಳ್ಳುವ ಒಪ್ಪಂದವಾಯಿತು, ಸುಮಾರು 63,000 ಕೋಟಿ. ಗೃಹಲಕ್ಷ್ಮಿಯ ಎರಡು ವರ್ಷದ ಖರ್ಚಿಗಿಂತ ಹೆಚ್ಚು. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಬಗ್ಗೆ ಯಾವ ಬಸ್ ನಿಲ್ದಾಣದಲ್ಲೂ ಮಾತು ಹೊರಡಲಿಲ್ಲ ಎಂಬುದಷ್ಟೇ ನನ್ನ ಮಾತು. ಅಕ್ಕಂದಿರ ಖಾತೆಗೆ ಬೀಳುವ ಎರಡು ಸಾವಿರದ ಬಗ್ಗೆ ಇರುವ ಶಂಕೆಯ ಹತ್ತನೇ ಒಂದು ಪಾಲು ಇಲ್ಲಿ ಏಕಿಲ್ಲ?

ಕೇಳಿದರೆ ಸೇನೆಗೆ ಅವಮಾನವಾದೀತು ಎಂಬ ಹಿಂಜರಿಕೆ ಇದೆ. ಕೇಳದೆ ಇರುವುದರಿಂದ ಸೈನಿಕನಿಗೆ ಏನು ಸಿಕ್ಕಿದೆ ನೋಡಿ. 2020ರಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ, ಸಿಯಾಚಿನ್, ಲಡಾಖ್‌ನಂಥ ಎತ್ತರದಲ್ಲಿ ಇರುವವರಿಗೆ ಹಿಮದ ಕನ್ನಡಕ, ಬೂಟುಗಳ ಕೊರತೆ ಇತ್ತು, ಊಟದ ಪೌಷ್ಟಿಕಾಂಶವೂ ಕುಗ್ಗಿತ್ತು ಎಂದಿತು. 2016ರ ಫೆಬ್ರುವರಿಯಲ್ಲಿ ಅದೇ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ದೇವರಿಗೆ ಹರಕೆ ಹೊತ್ತಿತ್ತು. ಹರಕೆ ಹೊತ್ತ ನಾವು, ನಾಲ್ಕು ವರ್ಷದ ಮೇಲೆ ಬಂದ ಬೂಟಿನ ವರದಿಯನ್ನು ಒಂದು ದಿನದ ಸುದ್ದಿಯಾಗಿ ಓದಿ ಮಡಚಿಟ್ಟೆವು. ಹಣ ಇರಲಿಲ್ಲವೆಂದಲ್ಲ. 2024-25ರಲ್ಲಿ ಹೊಸ ಶಸ್ತ್ರಾಸ್ತ್ರ, ಉಪಕರಣಗಳಿಗೆಂದು ಇಟ್ಟ ಬಂಡವಾಳದಲ್ಲಿ ಪರಿಷ್ಕೃತ ಅಂದಾಜಿನ ಹೊತ್ತಿಗೆ 12,500 ಕೋಟಿ ಇಳಿಕೆಯಾಯಿತು. ಖರೀದಿ ನಿಧಾನವಾದರೆ ಹಣ ಹೀಗೆ ಉಳಿಯುತ್ತದೆ. 2021ರಲ್ಲಿ ಸುಮಾರು 48,000 ಕೋಟಿಗೆ 83 ತೇಜಸ್ ಬೇಕೆಂದು ಎಚ್‌ಎಎಲ್‌ಗೆ ಹೇಳಲಾಯಿತು. ಅದಕ್ಕೆ ಕೂರಿಸಬೇಕಾದ ಅಮೆರಿಕದ ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಇದನ್ನೆಲ್ಲ ಕೇಳುವ ಜಾಗ ಲೋಕಸಭೆ. ಅಲ್ಲಿ ಸಚಿವಾಲಯಗಳ ಬೇಡಿಕೆಗಳನ್ನು ಒಂದೊಂದಾಗಿ ಚರ್ಚಿಸಬೇಕೆಂಬುದು ಕ್ರಮ. ಸಮಯ ಮುಗಿದಾಗ ಉಳಿದವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ‘ಗಿಲೆಟಿನ್’ ಎಂಬ ಉಪಾಯವೂ ಇದೆ. 2018ರಲ್ಲಿ ಮತ್ತು 2023ರಲ್ಲಿ, ಗದ್ದಲದ ನಡುವೆ, ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಹಾಗೆಯೇ ಪಾಸಾದವು. ಸ್ಥಾಯಿ ಸಮಿತಿ ಮುಚ್ಚಿದ ಬಾಗಿಲೊಳಗೆ ಕೂತು ವರದಿ ಬರೆಯುತ್ತದೆ ನಿಜ. ಅದನ್ನು ಓದುವವರು ಎಷ್ಟು ಮಂದಿ?

ಇನ್ನು ಪಿಂಚಣಿ. 2025-26ರ ರಕ್ಷಣಾ ಹಣದ ನೂರು ರೂಪಾಯಿಯಲ್ಲಿ ಸುಮಾರು 24 ರೂಪಾಯಿ ನಿವೃತ್ತರಿಗೆ ಹೋಯಿತು, 1.61 ಲಕ್ಷ ಕೋಟಿ. ಹೊಸ ಶಸ್ತ್ರಾಸ್ತ್ರ ಸೇರಿದಂತೆ ಬಂಡವಾಳಕ್ಕೆ 26 ರೂಪಾಯಿ. ಸಿಪಾಯಿ ನಲವತ್ತರ ಒಳಗೇ ನಿವೃತ್ತನಾಗುವುದರಿಂದ ಅವನಿಗೆ ದಶಕಗಟ್ಟಲೆ ಪಿಂಚಣಿ ಕೊಡಬೇಕಾಗುತ್ತದೆ. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಬಂದ ಮೇಲೆ ಅದು ಇನ್ನೂ ಬೆಳೆಯಿತು. ಬೆಳಗಾವಿ, ಕೊಡಗು, ಧಾರವಾಡದ ಎಷ್ಟೋ ಊರುಗಳಲ್ಲಿ ಈ ಪಿಂಚಣಿಯಿಂದ ಕೊಳವೆಬಾವಿ ಕೊರೆದಿದ್ದಾರೆ, ಮನೆಗೆ ಆರ್‌ಸಿಸಿ ಹಾಕಿದ್ದಾರೆ, ಮಗಳನ್ನು ನರ್ಸಿಂಗ್ ಓದಿಸಿದ್ದಾರೆ. ಸೇನೆಗೆ ಹೋದ ಹಣದಲ್ಲಿ ಹಳ್ಳಿಗೆ ಮರಳಿದ್ದು ಮುಖ್ಯವಾಗಿ ಈ ಪಾಲು. ಸರ್ಕಾರಕ್ಕೆ ಭಾರವಾಗಿ ಕಂಡದ್ದೂ ಇದೇ ಪಾಲು.

2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷದ ಹುಡುಗರಿಗೆ ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000 ಸಂಬಳ, ಅದರಲ್ಲಿ ಕೈಗೆ 21,000. ಉಳಿದದ್ದು, ಅಷ್ಟೇ ಮೊತ್ತದ ಸರ್ಕಾರದ ಪಾಲು ಮತ್ತು ಬಡ್ಡಿ ಸೇರಿ ಕೊನೆಯಲ್ಲಿ ‘ಸೇವಾ ನಿಧಿ’ಯಾಗಿ ಸುಮಾರು 11.71 ಲಕ್ಷ. ನಾಲ್ವರಲ್ಲಿ ಒಬ್ಬ ಉಳಿಯುತ್ತಾನೆ, ಮೂವರು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಸರ್ಕಾರ ಹೇಳುವ ಕಾರಣ ಸೇನೆಯ ಸರಾಸರಿ ವಯಸ್ಸು ಇಳಿಸುವುದು, ಅದರಲ್ಲೂ ಹುರುಳಿದೆ. ಆದರೆ ಪಿಂಚಣಿಯ ಅಂಕಿ ಕಣ್ಣ ಮುಂದಿರುವಾಗ ಅದೊಂದೇ ಕಾರಣ ಎಂದು ನಂಬುವುದು ಕಷ್ಟ. ಬೆಳಗಾವಿ ಸೀಮೆಯಲ್ಲಿ ಬೆಳಗಿನ ಜಾವ ರಸ್ತೆ ಬದಿಯಲ್ಲಿ ಓಡುವ ಹುಡುಗರು ಈಗಲೂ ಇದ್ದಾರೆ. ಭರ್ತಿ ರ‍್ಯಾಲಿಯ 1.6 ಕಿಲೋಮೀಟರ್ ಓಟ, ಒಂಬತ್ತು ಅಡಿಯ ಹಳ್ಳ ಹಾರುವುದು, ಬೀಮ್ ಹಿಡಿದು ಹತ್ತು ಸಲ ಮೈ ಎತ್ತುವುದು ಯಾವುದೂ ಬದಲಾಗಿಲ್ಲ. ಹೆಣ್ಣು ಕೊಡುವವರ ಪ್ರಶ್ನೆ ಮಾತ್ರ ಬದಲಾಗಿದೆ. ಮೊದಲು ‘ಮಿಲ್ಟ್ರಿಯವ’ ಎಂದರೆ ಸಾಕಿತ್ತು. ಈಗ ‘ಪರ್ಮನೆಂಟ್ ಏನ್ರೀ, ನಾಕು ವರ್ಷದ್ದೋ’ ಎನ್ನುತ್ತಾರೆ.

2026-27ಕ್ಕೆ ರಕ್ಷಣೆಗೆ 7.85 ಲಕ್ಷ ಕೋಟಿ ಇಟ್ಟಿದ್ದಾರೆ, ಹಿಂದಿನ ವರ್ಷದ ಬಜೆಟ್‌ಗಿಂತ ಶೇ 15ರಷ್ಟು ಹೆಚ್ಚು. ಎಂಟನೇ ವೇತನ ಆಯೋಗ ಕೂತಿದೆ, ಸಂಬಳ, ಪಿಂಚಣಿ ಎರಡೂ ಮತ್ತೆ ಏರುತ್ತವೆ. ಅಗ್ನಿವೀರರ ಮೊದಲ ತಂಡ ಸೇನೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ಮುಗಿಯುವುದು ಈ ಹಣಕಾಸು ವರ್ಷದೊಳಗೇ. ಸೇವಾ ನಿಧಿ ಒಂದೇ ಸಲ ಕೊಟ್ಟು ಮುಗಿಸುವ ಹಣ. ಆಮೇಲೆ ಹೊರಬಂದ ಹುಡುಗರ ಹೆಸರು ರಕ್ಷಣಾ ಸಚಿವಾಲಯದ ಪಿಂಚಣಿ ಲೆಕ್ಕದಲ್ಲಿ ಇರುವುದಿಲ್ಲ. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಸಿಕ್ಕವರು ಗೃಹ ಸಚಿವಾಲಯದ ಲೆಕ್ಕಕ್ಕೆ ಬರುತ್ತಾರೆ. ರಾಜ್ಯದಲ್ಲಿ ಕೆಲಸ ಸಿಕ್ಕವರು ವಿಧಾನಸೌಧದ ಲೆಕ್ಕಕ್ಕೆ. ಸಿಗದವರು ತಮ್ಮ ಮನೆಯ ಲೆಕ್ಕಕ್ಕೆ.